ಹೌದೋ, ಅಲ್ಲವೋ

“ಕೂತ್ಕೊಳ್ಳಿ ಅಂತ ನಾನು ಹೇಳಿದ್ನಾ?”

ಅರ್ಧ ಕೂತಿದ್ದ ಗುಬ್ಬಿ ಹಾಗೇ ಎದ್ದು ನಿಂತಳು. ಹಿರಿಯ ವಕೀಲರು ತಲೆ ಎತ್ತಲಿಲ್ಲ. ಅವಳು ಕೊಟ್ಟ ಅಂಕಪಟ್ಟಿಯನ್ನು ಅವರು ನೋಡಿರಲೂ ಇಲ್ಲ. ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಮೂಲೆಯಲ್ಲಿ ಜೂನಿಯರ್ ವಕೀಲೆಯೊಬ್ಬಳು ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

“ಈಗ ಕೂತ್ಕೊಳ್ಳಿ.”

ಕೂತಳು. ಮುಷ್ಟಿಯೊಳಗಿನ ಕರ್ಚೀಫು ಒದ್ದೆ ಮುದ್ದೆಯಾಗಿತ್ತು.

ನಿಜವಾದ ಹೆಸರು ಅರ್ಜಿಗಳಲ್ಲಿ ಮಾತ್ರ. ಮನೆಯವರಿಗೂ ಕಾಲೇಜಿನವರಿಗೂ ಅವಳು ಗುಬ್ಬಿಯೇ. ಯಾರಾದರೂ ದನಿ ಏರಿಸಿದರೆ ಸಾಕು, ಕೇಳಿದ್ದಕ್ಕೆಲ್ಲ ಹೌದು ಅಂದು ಪಾರಾಗುವ ಹುಡುಗಿ. ಅಂಥವಳು ಕಾನೂನು ಓದಲು ಹೊರಟಾಗ ಸೋದರಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಈ ವರ್ಷ ಇಂಟರ್ನ್‌ಶಿಪ್ ಕಡ್ಡಾಯ. ಕಂಡಕಂಡ ವಕೀಲರ ಕಚೇರಿಗಳಿಗೆಲ್ಲ ಅರ್ಜಿ ಹಾಕಿ ಹಾಕಿ, ಎಲ್ಲಿಗೆ ಹಾಕಿದೆ, ಎಲ್ಲಿಗೆ ಬಿಟ್ಟೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಕರೆ ಬಂದದ್ದು ಇದೊಂದು ಕಡೆಯಿಂದ. ಅದೂ ಮೇಷ್ಟ್ರುಗಳು ಹೆಸರೆತ್ತುವಾಗ ದನಿ ತಗ್ಗಿಸುವಂಥ ಕಚೇರಿ. ಹೊರಗಿನ ಕುರ್ಚಿಗಳಲ್ಲಿ ಬೇರೆ ಯಾರೂ ಇರದಿದ್ದುದನ್ನು ಕಂಡು, ಸದ್ಯ ನಾನೇ ಮೊದಲು ಎಂದು ಖುಷಿಪಟ್ಟಿದ್ದಳು.

“ಕಾನೂನು ಯಾಕೆ?”

ಇದಕ್ಕೆ ಉತ್ತರ ಸಿದ್ಧವಿತ್ತು. ತರಕಾರಿ ಹೆಚ್ಚುತ್ತ ಅಕ್ಕ ಮತ್ತೆ ಮತ್ತೆ ಕೇಳಿ ಗಟ್ಟಿಮಾಡಿಸಿದ್ದಳು. ಸಮಾಜ, ನ್ಯಾಯ, ಸೇವೆ. ಎರಡು ವಾಕ್ಯ ಮುಗಿಯುವುದರೊಳಗೆ ಅವರು ಕೈ ಎತ್ತಿದರು.

“ಉರು ಹೊಡೆದಿದ್ದು ಬೇಡ. ನಿಜ ಹೇಳಿ.”

ನಿಜ ಹೇಳಿದಳು. ಭಾವ ಅಕ್ಕನನ್ನು ಮಹಡಿಯ ಮೆಟ್ಟಿಲಿನಿಂದ ನೂಕಿದ್ದು. ಅಕ್ಕನ ಮೊಣಕಾಲು ಇವತ್ತಿಗೂ ಮಡಚದಿರುವುದು. ರಜೆಗೆಂದು ಹೋಗಿದ್ದ ತಾನೊಬ್ಬಳೇ ಅದನ್ನು ಕಣ್ಣಾರೆ ಕಂಡದ್ದು. “ಅದಕ್ಕೇ ಸರ್,” ಎಂದಳು.

ಅವರು ಮೊದಲ ಸಲ ಅವಳ ಮುಖ ನೋಡಿದರು.

“ಇಷ್ಟು ಮೆತ್ತಗಿದ್ರೆ ಈ ಕಸುಬು ನಡೆಯಲ್ಲ. ಕೋರ್ಟಲ್ಲಿ ಮೈಮೇಲೆ ಬರ್ತಾರೆ. ತಡ್ಕೋತೀರಾ ನೋಡೋಣ. ನಾನು ನಿಮ್ಮ ಭಾವನ ವಕೀಲ ಅಂದ್ಕೊಳ್ಳಿ.”

“ಸರಿ ಸರ್.”

“ಅಕ್ಕ ಕಾಲು ಜಾರಿ ಬಿದ್ದಿದ್ದು.”

“ಇಲ್ಲ ಸರ್. ನೂಕಿದ್ರು.”

“ನಿಮ್ಮ ಮುಖ ಮೆಟ್ಟಿಲ ಕಡೆಗಿತ್ತಾ?”

“ಸದ್ದು ಕೇಳಿ ತಿರುಗಿದೆ.”

“ಅಂದ್ರೆ ಬಿದ್ದ ಮೇಲೆ ನೋಡಿದ್ದು.”

“ಅಲ್ಲ ಸರ್. ಜಗಳದ ಸದ್ದು ಅದು. ತಿರುಗಿದಾಗ ಅಕ್ಕ ಇನ್ನೂ ಮೇಲೆ ನಿಂತಿದ್ಲು.”

ಅಂಗೈ ಮೇಜಿಗೆ ಅಪ್ಪಳಿಸಿತು. ಲೋಟ ಕುಣಿಯಿತು. “ಕಾಲು ಜಾರಿತು. ಹೌದೋ ಅಲ್ವೋ?”

“ಹೌದು ಸರ್.”

ಜಾರಿದ್ದು ಅವಳ ನಾಲಿಗೆ. ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಮೂಲೆಯಲ್ಲಿ ಕೀಲಿಮಣೆ ಟಕಟಕ ಎಂದಿತು. ಹಿರಿಯ ವಕೀಲರು ಕುರ್ಚಿಗೆ ಒರಗಿ, ಹೊಟ್ಟೆ ತುಂಬ ಉಂಡವರ ಹಾಗೆ ನಕ್ಕರು.

“ಸಾಕು. ಹೊರಡಿ.”

“ಫಲಿತಾಂಶ ಸರ್?”

“ಗೊತ್ತಾಗುತ್ತೆ.”

ಲಿಫ್ಟಿನವರೆಗೂ ಬಂದ ಜೂನಿಯರ್ ಅವಳ ಕಣ್ಣು ತಪ್ಪಿಸಿ ಗೋಡೆ ನೋಡುತ್ತ ಹೇಳಿದಳು: “ಈ ಆಫೀಸು ನಿಮಗೆ ಬೇಡ. ಬೇರೆ ಕಡೆ ನೋಡ್ಕೊಳ್ಳಿ.” ಗುಬ್ಬಿಗೆ ಕೆನ್ನೆಗೆ ಹೊಡೆದಂತಾಯಿತು.

ಮನೆಯಲ್ಲಿ ಅಮ್ಮ ಮುಖ ನೋಡಿಯೇ ಎಲ್ಲ ಓದಿಕೊಂಡಳು. “ಒಂದು ಸಂದರ್ಶನ ನೆಟ್ಟಗೆ ಕೊಡಕ್ಕಾಗಲ್ಲ. ಸೋಮವಾರ ಸಾಕ್ಷಿ ಹೇಳು ಅಂದ್ರೆ ಏನು ಬಾಯಿ ಬಿಡ್ತೀಯೇ? ಇವಳನ್ನ ನಂಬ್ಕೊಂಡು ಕೇಸು ಹಾಕಿದೀವಿ ನೋಡು.”

“ಬಿಡಮ್ಮಾ,” ಎಂದಳು ಅಕ್ಕ.

ಗುಬ್ಬಿ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು. ಇಂಟರ್ನ್‌ಶಿಪ್ ಕೈತಪ್ಪಿದ್ದಕ್ಕಲ್ಲ. ಆ ಒಂದು ಮಾತಿಗೆ. ಅದನ್ನು ಒಳಗಿಟ್ಟುಕೊಳ್ಳಲಾಗದೆ ಹೊರಬಂದು ಅಕ್ಕನ ಮಂಚದ ತುದಿಯಲ್ಲಿ ಕೂತು ಒದರಿಬಿಟ್ಟಳು. “ಜಾರಿತು ಅಂದುಬಿಟ್ಟೆ ಕಣಕ್ಕಾ. ಅವರು ಮೇಜು ಬಡಿದ ಕೂಡಲೇ ಅಂದುಬಿಟ್ಟೆ.”

ಅಕ್ಕ ಮೊಣಕಾಲು ನೀವಿಕೊಂಡಳು. “ಅವರ ಮುಂದೆ ತಾನೇ? ಅವರಿಗೂ ನಮಗೂ ಏನು ಸಂಬಂಧ. ಮರೆತುಬಿಡು.”

ಮರೆಯಲಾಗಲಿಲ್ಲ. ಊಟ ಸೇರಲಿಲ್ಲ. ಕುಕ್ಕರ್ ಕೂಗಿದರೂ ಬೆಚ್ಚುತ್ತಿದ್ದಳು.

ಸೋಮವಾರ ನ್ಯಾಯಾಲಯದ ಮೊಗಸಾಲೆಯಲ್ಲಿ ಅಕ್ಕನ ವಕೀಲರು ಅವಸರವಸರವಾಗಿ ಬಂದರು. ಭಾವನ ಕಡೆಯವರು ಹಳೆಯ ವಕೀಲನನ್ನು ಬಿಟ್ಟು ಬೇರೆಯವರನ್ನು ಹಿಡಿದಿದ್ದಾರೆ, ವಕಾಲತ್ತು ಈಗಷ್ಟೇ ಹಾಕಿದರು ಎಂದರು. “ಯಾರಾದ್ರೂ ಇರ್ಲಿ. ನೀನು ಕಂಡಿದ್ದು ಹೇಳು, ಸಾಕು.”

ಕಟಕಟೆ ಹತ್ತಿದ ಗುಬ್ಬಿ ಎದುರಿನ ಮರದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಯಾರ ಮುಖವನ್ನೂ ನೋಡಲಿಲ್ಲ. ಕಂಡದ್ದನ್ನು ಕಂಡಹಾಗೆ ಹೇಳಿದಳು. ದನಿ ಸಣ್ಣದಿತ್ತು, ಆದರೆ ತಡವರಿಸಲಿಲ್ಲ. ಹಿಂದಿನ ಬೆಂಚಿನಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು.

ಆಮೇಲೆ ಪಾಟೀಸವಾಲು. ಎದುರು ಪಕ್ಷದ ಹೊಸ ವಕೀಲರು ಎದ್ದರು. ಸುತ್ತುಬಳಸಲಿಲ್ಲ, ಒಂದೇ ಪ್ರಶ್ನೆ ಕೇಳಿದರು. ಗುಬ್ಬಿ ತಲೆ ಎತ್ತಿ ನೋಡಿದಳು. ನೋಡುತ್ತಲೇ ನಿಂತಳು. ಅವರು ದನಿ ಏರಿಸಿ ಮತ್ತೆ ಕೇಳಿದರು. ಹಿಂದೆ ಅಮ್ಮ ಕಣ್ಣು ಮುಚ್ಚಿಕೊಂಡಳು.

ನ್ಯಾಯಾಧೀಶರು ಮುಂದಕ್ಕೆ ಬಾಗಿದರು. “ಪ್ರಶ್ನೆ ಅರ್ಥ ಆಯ್ತೇನಮ್ಮಾ?”

ಗುಬ್ಬಿ ಪಟ್ಟಿಯಿಂದ ಕೈ ತೆಗೆದು ಅವರ ಕಡೆಗೆ ತಿರುಗಿದಳು.

“ಆಯ್ತು ಸ್ವಾಮಿ. ಹೋದ ವಾರ ಇಂಟರ್ನ್‌ಶಿಪ್ ಸಂದರ್ಶನ ಅಂತ ನನ್ನನ್ನ ಆಫೀಸಿಗೆ ಕರೆಸಿಕೊಂಡು, ಇವರು ಇದೇ ಪ್ರಶ್ನೆ ಕೇಳಿದ್ರು.”