ಎಡಗಾಲಿನ ಭಾರ

“ನಾಳೆ ಇವಳನ್ನ ಆಡಿಸಿದ್ರೆ ಮೊಣಕಾಲು ಉಳಿಯಲ್ಲ ಸರ್.”

ಫಿಸಿಯೋ ಮೂರನೆಯ ಸಲ ಹೇಳಿದಳು. ಮೂರನೆಯ ಸಲವೂ ಕೋಚ್ ತಲೆ ಅಲ್ಲಾಡಿಸಿದರು.

ಮೇಜಿನ ಮೇಲೆ ಕಂಪ್ಯೂಟರ್ ತೆರೆದಿತ್ತು. ಹದಿನಾರು ಆಟಗಾರ್ತಿಯರಿಗೆ ಹದಿನಾರು ಗೆರೆ. ಹದಿನೈದು ಹಸಿರು, ಒಂದು ಕೆಂಪು. ಕೆಂಪು ಗೆರೆ ತಂಗಿಯದು. ಆ ಹಾಕಿ ತಂಡದಲ್ಲಿ ಒಡಹುಟ್ಟಿದವರಿಬ್ಬರಿದ್ದರು, ಎಲ್ಲರ ಬಾಯಲ್ಲೂ ಅವರು ಅಕ್ಕ, ತಂಗಿ. ಇಬ್ಬರೂ ನಡುಸಾಲಿನವರು. ತಾಯಿಯಿಲ್ಲದ ಮನೆಯಲ್ಲಿ ತಂಗಿಗೆ ಜಡೆ ಹೆಣೆದವಳೂ ಅಕ್ಕನೇ, ಕೋಲು ಹಿಡಿಸಿದವಳೂ ಅಕ್ಕನೇ.

“ಐದು ವಾರದಲ್ಲಿ ಹನ್ನೊಂದು ಪಂದ್ಯ ಆಡಿಸಿದ್ದೀರಿ. ಅದೇ ಓಟಕ್ಕೆ ಎದೆ ಮೊದಲಿಗಿಂತ ಜೋರಾಗಿ ಬಡ್ಕೊಳ್ತಿದೆ. ಎಡಗಾಲಿನ ಮೇಲೆ ಭಾರನೇ ಹಾಕ್ತಿಲ್ಲ.”

“ಇಪ್ಪತ್ತೊಂದರ ಹುಡುಗಿಗೆ ಸುಸ್ತೇನ್ರೀ?” ಕೋಚ್ ನಕ್ಕರು. “ಅವಳಕ್ಕನ್ನ ನೋಡಿ. ಮೂವತ್ತಮೂರು. ಗೆರೆ ಕೆಂಪಾದ ದಿನವೇ ಮನೆಗೆ ಕಳಿಸ್ತೀನಿ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೆ. ಇವತ್ತಿಗೂ ಹಸಿರು.”

ಆಟಗಾರ್ತಿಯರೆಲ್ಲ ಜರ್ಸಿಯ ಒಳಗೆ ತಮ್ಮ ತಮ್ಮ ಹೆಸರಿನ ಬಿಗಿಯಾದ ಬನಿಯನ್ ತೊಡುತ್ತಿದ್ದರು. ಅದರ ಬೆನ್ನಿನಲ್ಲಿ ಬೆಂಕಿಪೊಟ್ಟಣದಷ್ಟು ಯಂತ್ರ. ಎಷ್ಟು ಓಡಿದರು, ಎದೆ ಎಷ್ಟು ಬಡಿಯಿತು, ಯಾವ ಕಾಲು ಎಷ್ಟು ಭಾರ ಹೊತ್ತಿತು, ಎಲ್ಲವನ್ನೂ ಅದು ಬರೆದಿಡುತ್ತಿತ್ತು. ಎರಡು ವರ್ಷದ ಹಿಂದೆ ಹತ್ತೊಂಬತ್ತರ ಹುಡುಗಿಯೊಬ್ಬಳ ಗೆರೆ ಹೀಗೇ ಕೆಂಪಾಗಿತ್ತು. “ಏನಿಲ್ಲ ಮೇಡಂ” ಅಂದಿದ್ದಳು. ಮುಟ್ಟಿ ನೋಡಿದಾಗಲೂ ಏನೂ ಸಿಗದೆ ಫಿಸಿಯೋ ನಂಬಿದ್ದಳು. ಆ ಹುಡುಗಿ ಈಗ ಮೆಟ್ಟಿಲಿಳಿಯಲು ಕಂಬಿ ಹಿಡಿಯುತ್ತಾಳೆ.

“ಹಾಗಾದ್ರೆ ನಾಳೆ ನಾನೂ ಬರಲ್ಲ ಸರ್. ಯಾಕೆ ಬರ್ಲಿಲ್ಲ ಅಂತ ಮಂಡಳಿಗೆ ಬರೆದು ಕೊಡ್ತೀನಿ.”

ಕೋಚ್ ನಾಳಿನ ತಂಡದ ಪಟ್ಟಿ ಎಳೆದುಕೊಂಡರು. ಅದರಲ್ಲಿ ಒಂದು ಹೆಸರು ಹೊಡೆದುಹಾಕಿದರು. “ಸೋತರೆ ನಿಮ್ಮ ತಲೆಗೇ ಕಟ್ತೀನಿ.”

ಸುದ್ದಿ ಹೇಳಲು ಫಿಸಿಯೋ ತಂಗಿಯನ್ನು ಕರೆದಳು. ಜೊತೆಗೆ ಅಕ್ಕನೂ ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಫಿಸಿಯೋ ತಂಗಿಯ ಎಡ ಮೊಣಕಾಲನ್ನು ಮಡಿಸಿ, ತಿರುಗಿಸಿ, ಒತ್ತಿ ನೋಡಿದಳು. ಊತವಿಲ್ಲ. ಬಿಗಿತವಿಲ್ಲ. ಬೆರಳಿಗೆ ಏನೂ ಸಿಗಲಿಲ್ಲ. ಆದರೆ ಬೆರಳನ್ನು ನಂಬುವ ಕಾಲ ಅವಳ ಪಾಲಿಗೆ ಮುಗಿದಿತ್ತು.

“ನಾಳೆ ನೀನು ಆಡಲ್ಲ.”

“ನನಗೇನೂ ಆಗಿಲ್ಲ ಮೇಡಂ. ನಿಜವಾಗ್ಲೂ.” ತಂಗಿಯ ಕಣ್ಣು ತುಂಬಿತು. ಇನ್ನೇನೋ ಹೇಳಲು ಬಾಯಿ ತೆರೆದು ಅಕ್ಕನ ಕಡೆ ನೋಡಿದಳು.

“ಹಟ ಮಾಡ್ಬೇಡ ಪುಟ್ಟಿ,” ಅಂದಳು ಅಕ್ಕ, ಮೆಲ್ಲಗೆ. “ನಿನಗಿನ್ನೂ ಹತ್ತು ವರ್ಷ ಇದೆ.”

ತಂಗಿ ಬಾಯಿ ಮುಚ್ಚಿಕೊಂಡಳು. ಎಂಥ ತಿಳಿವಳಿಕೆಯ ಅಕ್ಕ ಎಂದು ಫಿಸಿಯೋಗೆ ಎದೆ ಹಗುರಾಯಿತು. ಒಂದು ಕಾಲನ್ನಾದರೂ ಉಳಿಸಿದೆ ಎಂದುಕೊಂಡಳು.

ಮರುದಿನ ಫೈನಲ್‌ನಲ್ಲಿ ತಂಗಿಯ ಪಾಲಿನ ಓಟವನ್ನೂ ಅಕ್ಕನೇ ಓಡಿದಳು. ಪಂದ್ಯ ಸಮಸಮ. ಕೊನೆಯ ಏಳು ನಿಮಿಷ ಉಳಿದಿದ್ದಾಗ ಚೆಂಡಿನ ಹಿಂದೆ ತಿರುಗಿದಳು, ಕುಸಿದಳು. ಯಾರೂ ತಾಗಿರಲಿಲ್ಲ. ಹತ್ತು ಮಾರು ದೂರದಲ್ಲಿ ಯಾರೂ ಇರಲಿಲ್ಲ. ಒಣಕಡ್ಡಿ ಮುರಿದಂಥ ಸದ್ದು ಬೆಂಚಿನವರೆಗೂ ಕೇಳಿಸಿತು. ಬೆಂಚಿನಲ್ಲಿದ್ದ ತಂಗಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಚಿಕಿತ್ಸೆಯ ಕೋಣೆಯಲ್ಲಿ ಫಿಸಿಯೋ ಕಾಲಿನ ಪಟ್ಟಿ ಬಿಚ್ಚಿದಳು. ಎಡ ಮೊಣಕಾಲು. ಈ ಊತ ಇವತ್ತಿನದಲ್ಲ, ವಾರಗಳದ್ದು. ಮುಟ್ಟಿದ್ದರೆ ಹೊಸದಾಗಿ ಕಲಿಯುವವರಿಗೂ ಗೊತ್ತಾಗುತ್ತಿತ್ತು. ಹಸಿರು ಗೆರೆಯವಳನ್ನು ಯಾರೂ ಮುಟ್ಟಿ ನೋಡಿರಲಿಲ್ಲ.

“ಇದು ಹೇಗಮ್ಮ?” ಅಂದಳು ಫಿಸಿಯೋ. “ನಿನ್ನ ಗೆರೆ ನಿನ್ನೆವರೆಗೂ ಹಸಿರಾಗಿತ್ತಲ್ಲ.”

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

“ತಂಗಿಗೆ ಏನೂ ಅನ್ಬೇಡಿ ಮೇಡಂ, ಬೇಡ ಬೇಡ ಅಂತ ಅತ್ತಳು. ತಿಂಗಳಿಂದ ಅವಳ ಬನಿಯನ್ ನಾನು ಹಾಕ್ಕೊಳ್ತಿದ್ದೆ, ನನ್ನದನ್ನ ಅವಳಿಗೆ ಹಾಕಿಸ್ತಿದ್ದೆ.”