ಗೋಡೆಯ ಈಚೆ ಮುಖ

"ಇವೆಲ್ಲ ಆಚೆ ಬೀದಿಯವರು ಹೊಡೆದ ಗುಂಡು. ನಮ್ಮ ಹುಡುಗನೊಬ್ಬ ಇಲ್ಲೇ ಸತ್ತ," ಎನ್ನುತ್ತ ಗೈಡು, ಎರಡು ಪಂಗಡಗಳ ಬೀದಿಗಳನ್ನು ಬೇರೆ ಮಾಡಿದ್ದ ಗೋಡೆಯ ತೂತೊಂದಕ್ಕೆ ಬೆರಳು ತುರುಕಿದ. ಪ್ರವಾಸಿಗರು ಫೋಟೋ ತೆಗೆದರು.

ಎದುರು ಮನೆಯ ಬಾಗಿಲಲ್ಲಿ ಬಟ್ಟೆ ಹೊಲಿಯುತ್ತಿದ್ದ ಆ ಹುಡುಗನ ತಾಯಿ ಈ ಮಾತನ್ನು ವರ್ಷಗಳಿಂದ ನುಂಗಿಕೊಂಡು ಬಂದಿದ್ದಳು. ಇವತ್ತು ಆ ಬೆರಳು ಕಂಡು ಪಿತ್ತ ನೆತ್ತಿಗೇರಿತು. ಕತ್ತರಿ ಬಿಸುಟು ಎದ್ದು ಬಂದವಳೇ ಗೈಡಿನ ತೋಳುಗಳನ್ನು ಹಿಡಿದು, ಅವನ ಬೆನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿದಳು. ತೂತುಗಳೆಲ್ಲ ಅವನ ಎದೆಯ ಹಿಂದೆ ಮರೆಯಾದವು.

"ನನ್ನ ಮಗ ಹೀಗೇ ನಿಂತಿದ್ದ. ಆಚೆ ಬೀದಿ ಬಾಣಂತಿಗೆ ಔಷಧಿ ಕೊಟ್ಟು ಬಂದಿದ್ದ, ಅದೇ ಅವನು ಮಾಡಿದ ತಪ್ಪು. ಈಗ ನೀನೇ ಹೇಳಪ್ಪ, ಆಚೆಯವರು ಹೊಡೆದಿದ್ರೆ ತೂತು ಗೋಡೆಯ ಆಚೆ ಮುಖದಲ್ಲಿ ಇರ್ಬೇಕಿತ್ತಲ್ವಾ? ಈ ಮುಖಕ್ಕೆ ಹೇಗೆ ಬಂತು?"

ಗೈಡಿನ ಕಣ್ಣು ಅವಳ ಹೆಗಲು ದಾಟಿ, ಹಿಂದಿದ್ದ ತಮ್ಮದೇ ಬೀದಿಯ ಮನೆಗಳತ್ತ ಹೋಯಿತು.

"ಹ್ಞೂ, ಅಲ್ಲಿಂದಲೇ," ಎಂದಳು ಅವಳು, ತಿರುಗದೆ.

ಅವಳ ಬೆನ್ನ ಹಿಂದೆ ಯಾರೋ ಮೆಲ್ಲಗೆ ಕಿಟಕಿ ಮುಚ್ಚಿಕೊಂಡರು.