ಸರಳು ಕಾಣದ ಕಣ್ಣು

‘ಸರಳು ಇದೆ’ ಎಂದು ನಾಲ್ಕು ಮತ. ‘ಇಲ್ಲ’ ಎಂದು ಒಂದು. ಆ ಒಂದು ಮತ ಸುದೀಪನದೇ ಎಂದು ದೇವಾನಂದನಿಗೆ ಖಾತ್ರಿಯಾಗಿತ್ತು. ಸಾಕ್ಷಿ ಇರಲಿಲ್ಲ. ಸಾಕ್ಷಿಯಿಲ್ಲದೆ ಏನನ್ನೂ ನಂಬಬಾರದೆಂದು ಅವನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ. ಆದರೆ ಅದು ಗೆಲಾಕ್ಸಿಗಳ ಮಟ್ಟಿಗೆ, ಸಹೋದ್ಯೋಗಿಗಳ ಮಟ್ಟಿಗಲ್ಲ.

ಪುಣೆಯ ಆ ಸಂಶೋಧನಾ ಸಂಸ್ಥೆಯಲ್ಲಿ ಆ ಗೆಲಾಕ್ಸಿಯನ್ನು ಮೊದಲು ಕಂಡವನು ದೇವಾನಂದ. ದೂರದರ್ಶಕ ಕಳಿಸಿದ ಸಾವಿರಾರು ಮಸುಕು ಚುಕ್ಕೆಗಳ ನಡುವೆ ಒಂದು ಸುರುಳಿ. ಸುರುಳಿಯ ಹೊಟ್ಟೆಯಲ್ಲಿ ನಕ್ಷತ್ರಗಳದ್ದೇ ಒಂದು ನೇರ ಸರಳು, ಅದರ ಎರಡು ತುದಿಗಳಿಂದ ಬಾಗಿ ಹೊರಟ ಎರಡು ತೋಳು. ಅದರ ಬೆಳಕು ಹೊರಟು ಸಾವಿರದ ನೂರು ಕೋಟಿ ವರ್ಷವಾಗಿತ್ತು. ಆಗ ವಿಶ್ವ ಇನ್ನೂ ಎಳೆಯದು. ಹೆಚ್ಚಿನ ಗೆಲಾಕ್ಸಿಗಳು ಕಲಸಿಟ್ಟ ಹಿಟ್ಟಿನಂತೆ ಗಂಟುಗಂಟಾಗಿದ್ದ ಕಾಲ. ಅಂಥದರಲ್ಲಿ ಸರಳು ಮೂಡುವಷ್ಟು ನೆಲೆನಿಂತ ಗೆಲಾಕ್ಸಿ ಎಂದರೆ, ಹಾಲುಹಲ್ಲಿನ ಕೂಸು ಇಪ್ಪತ್ತರ ಮಗ್ಗಿ ಒಪ್ಪಿಸಿದ ಹಾಗೆ.

ಪ್ರಬಂಧದ ಮೇಲೆ ಮೊದಲ ಹೆಸರು ತನ್ನದಾದರೆ ಕಾಯಂ ಹುದ್ದೆ. ಇಲ್ಲದಿದ್ದರೆ ಜೂನಿನಲ್ಲಿ ಒಪ್ಪಂದ ಮುಗಿದು ಮನೆ. ದೇಹೂ ರೋಡಿನಲ್ಲಿ ಅವನ ತಾಯಿ ಅವ್ವಮ್ಮ ಆಗಲೇ ಓಣಿಗೆಲ್ಲ ಪೇಢೆ ಹಂಚಿದ್ದಳು.

“ನಮ್ಮ ದೇವಾ ಒಂದ ಚಿಕ್ಕಿ ಹುಡುಕ್ಯಾನ್ರಿ.”

“ಒಂದಲ್ಲವ್ವಾ, ಸಾವಿರಾರು ಕೋಟಿ ಚಿಕ್ಕಿ,” ಎಂದು ಅವನು ತಿದ್ದಿದ.

“ಒಂದ ಸಾಕ ಬಿಡಪ್ಪಾ. ಮಂದಿ ನಂಬಬೇಕಲ್ಲ.”

ಮತದಾನದ ನಿಯಮಗಳನ್ನು ಮಾಡಿದವನೂ ಅವನೇ. ಗುಂಪಿನ ಐವರೂ ನೂರಾರು ಚಿತ್ರಗಳನ್ನು ನೋಡಿ ಮತ ಹಾಕಬೇಕು. ಯಾರೂ ತಮ್ಮ ಮೆಚ್ಚಿನ ಗೆಲಾಕ್ಸಿಯನ್ನು ಗುರುತಿಸಿ ಪಕ್ಷಪಾತ ಮಾಡದಂತೆ ಚಿತ್ರಗಳ ಬಣ್ಣ ತೆಗೆದು, ಅಡ್ಡ ಉದ್ದ ತಿರುಗಿಸಿ, ಕಲೆಸಿಟ್ಟಿರಬೇಕು. ಯಾರ ಮತ ಯಾವುದೆಂದು ಮುಖ್ಯಸ್ಥೆ ಉಮಾವತಿಗೆ ಮಾತ್ರ ಗೊತ್ತಿರಬೇಕು. ಉಳಿದವರು ವಾರಗಟ್ಟಲೆ ತಿಣುಕಿದರು. ದೇವಾನಂದ ಮಾತ್ರ ಬಾರಾಮತಿಯಲ್ಲಿ ಮದುವೆಯೂಟ ಮುಗಿಸಿ ಬರುವಾಗ, ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ತೆವಳುತ್ತಿದ್ದ ಹೊತ್ತಿನಲ್ಲೇ ಮೊಬೈಲಿನಲ್ಲಿ ಎಲ್ಲವನ್ನೂ ಮುಗಿಸಿಬಿಟ್ಟಿದ್ದ. ಅನುಭವ ಎಂದರೆ ಅದು.

ಐವರಲ್ಲಿ ಮೂವರು ಕನ್ನಡಿಗರಾದ್ದರಿಂದ ಅಲ್ಲಿ ವಿಜ್ಞಾನ ಇಂಗ್ಲಿಷಿನಲ್ಲಿ, ಚಹಾ ಮರಾಠಿಯಲ್ಲಿ, ಜಗಳ ಕನ್ನಡದಲ್ಲಿ ನಡೆಯುತ್ತಿತ್ತು.

“ಆ ಮತ ಯಾರದಂತ ಹೇಳ್ರಿ ಮೇಡಮ್,” ಎಂದ ದೇವಾನಂದ, ಕ್ಯಾಂಟೀನಿನಲ್ಲಿ.

“ಒಂದು ಮತ ಅಲ್ವಾ, ಬಿಡಿ ಮಾರಾಯ್ರೇ. ನಾಲ್ಕು ಸಾಕು,” ಎಂದರು ಉಮಾವತಿ. “ಪಾಪ, ಅವರಿಗೆ ಆಯಾಸ ಆಗಿರ್ಬೇಕು.”

“ಆಯಾಸ ಅಲ್ರಿ, ಹೊಟ್ಟಿಕಿಚ್ಚು.” ಅವನ ಕಣ್ಣು ಸುದೀಪನ ಮೇಲಿತ್ತು.

“ನನ್ನನ್ನು ಎಂತಕ್ಕೆ ನೋಡುದು? ನಾನು ‘ಇದೆ’ ಅಂತಲೇ ಒತ್ತಿದ್ದು,” ಎಂದ ಸುದೀಪ.

ಕಳ್ಳನೂ ಹಾಗೇ ಹೇಳುತ್ತಾನೆ. ಉಮಾವತಿಯವರ ಊರು ಉಡುಪಿ. ಸುದೀಪನ ತಂದೆಯೂ ಅದೇ ಕಡೆಯಿಂದ ಬಂದು ಪುಣೆಯ ಡೆಕ್ಕನ್ ಪೇಟೆಯಲ್ಲಿ ಹೋಟೆಲು ಇಟ್ಟವರು. ಊರಿನವರನ್ನು ಊರಿನವರು ಕಾಯದೆ ಇನ್ನಾರು ಕಾಯಬೇಕು?

“ಇಷ್ಟ ಢಾಳಾಗಿ ಕಾಣೂ ಸರಳ ಕಾಣ್ಲಿಲ್ಲಂದ್ರ, ಅವರ ಕಣ್ಣಿನ ಮ್ಯಾಲೆ ಭರೋಸಾ ಹ್ಯಾಂಗ ಇಡೂದ್ರಿ? ಅಂಥವರ ಹೆಸರು ಪೇಪರಿನ್ಯಾಗ ಇರಬಾರದು.”

ಉಮಾವತಿ ಚಹಾದ ಕಪ್ಪನ್ನು ಕೆಳಗಿಟ್ಟರು. “ಯೋಚನೆ ಮಾಡಿ ಹೇಳ್ತಿದ್ದೀರಾ? ನಾಳೆ ಬೇಜಾರು ಮಾಡ್ಬಾರ್ದು.”

“ವಿಜ್ಞಾನದಾಗ ಬೇಜಾರ ಎಲ್ಲಿಂದ ಬಂತ್ರಿ?”

ಆ ಸಂಜೆಯೇ ಅವನು ಎಲ್ಲರಿಗೂ ಮೇಲ್ ಬರೆದ: ‘ಇಲ್ಲ’ ಎಂದವರು ಯಾರೇ ಆಗಿರಲಿ, ಅವರ ಹೆಸರನ್ನು ಪ್ರಬಂಧದಿಂದ ಕೈಬಿಡತಕ್ಕದ್ದು. ಮೊದಲು ಒಪ್ಪಿದವನು ಸುದೀಪ. ಎಂಥ ದಪ್ಪ ಚರ್ಮ ಎಂದು ದೇವಾನಂದ ಬೆರಗಾದ. ಉಳಿದಿಬ್ಬರೂ ಒಪ್ಪಿದರು. ಉಮಾವತಿಯವರ ‘ಸರಿ’ ಎಲ್ಲಕ್ಕಿಂತ ಕೊನೆಗೆ, ಮಾರನೆಯ ಬೆಳಿಗ್ಗೆ ಬಂತು.

ಹತ್ತು ಗಂಟೆಗೆ ಎಲ್ಲರೂ ಅವರ ಕೋಣೆಯಲ್ಲಿ ಸೇರಿದರು. ಸುದೀಪನನ್ನು ಕ್ಷಮಿಸುವಾಗ ಮುಖ ಹೇಗಿರಬೇಕೆಂದು ದೇವಾನಂದ ಮನೆಯಲ್ಲೇ ಕನ್ನಡಿಯೆದುರು ಅಭ್ಯಾಸ ಮಾಡಿ ಬಂದಿದ್ದ. ತೀರ ಉದಾರವಾಗಿಯೂ ಇರಬಾರದು; ಪಾಠ ಕಲಿಯಬೇಕಲ್ಲ.

“ಈಗಲೂ ಹೇಳ್ತೇನೆ,” ಎಂದರು ಉಮಾವತಿ. “ಚಾ ಕುಡಿದು ಎದ್ದು ಹೋಗುವ.”

“ಎಲ್ಲಾರೂ ಒಪ್ಪ್ಯಾರಲ್ರಿ. ಓದ್ರಿ ಮೇಡಮ್.”

ಉಮಾವತಿ ಕನ್ನಡಕ ಏರಿಸಿ ಪರದೆಯತ್ತ ಬಗ್ಗಿದರು. “ದೇವಾನಂದ,” ಎಂದರು.

“ಹೇಳ್ರಿ ಮೇಡಮ್.”

“ಕರೆದದ್ದಲ್ಲ ಮಾರಾಯ್ರೇ. ಓದಿದ್ದು.”